ಹಳೆಯ ತೀರ್ಪನ್ನು ಒಮ್ಮೆ ಓದಿ

ಅಪ್ಪನ ಕಾಲದಲ್ಲಿ ಸೋತ ಜಮೀನಿನ ದಾವೆಯನ್ನು ಹೊಸ ವಕೀಲರನ್ನು ಹಿಡಿದು ಮತ್ತೆ ಹೂಡುವ ಯೋಚನೆಯೇ? ಸ್ವಲ್ಪ ತಡೆಯಿರಿ. ಹಳೆಯ ತೀರ್ಪಿನ ನಕಲು ತೆಗೆಸಿ ಓದಿ. ಅದೇ ಪಕ್ಷಗಾರರ ಅಥವಾ ಅವರ ವಾರಸುದಾರರ ನಡುವೆ ಅದೇ ವಿವಾದವನ್ನು ಅಧಿಕಾರವುಳ್ಳ ಕೋರ್ಟು ವಿಚಾರಿಸಿ ಅಂತಿಮವಾಗಿ ತೀರ್ಮಾನಿಸಿದ್ದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಂ ಅಡ್ಡ ಬರುತ್ತದೆ. ‘ಆ ಮಾತು ಆಗ ಎತ್ತಿರಲಿಲ್ಲ ಸ್ವಾಮಿ’ ಎಂದರೂ ನಡೆಯದು. ಎತ್ತಬಹುದಾಗಿದ್ದ, ಎತ್ತಲೇಬೇಕಿದ್ದ ವಾದವೂ ತೀರ್ಮಾನವಾದಂತೆಯೇ ಲೆಕ್ಕ. (ಇದೇನು ಇಂಗ್ಲಿಷರು ತಂದದ್ದಲ್ಲ. ನಮ್ಮ ಕಲ್ಯಾಣದ ವಿಜ್ಞಾನೇಶ್ವರನ ‘ಮಿತಾಕ್ಷರ’ದಲ್ಲೇ ‘ಇದು ಹಿಂದೆಯೇ ತೀರ್ಮಾನವಾಗಿದೆ’ ಎಂಬ ಪ್ರತಿವಾದಿಯ ಉತ್ತರಕ್ಕೆ ಹೆಸರಿದೆ: ಪ್ರಾಙ್ನ್ಯಾಯ.) ಕೋರ್ಟಿಗೆ ಅಧಿಕಾರವಿಲ್ಲವೆಂದು ದಾವೆ ವಾಪಸಾಗಿದ್ದರೆ ಮಾತು ಬೇರೆ. ಈಚಿನ ತೀರ್ಪೇ ತಪ್ಪೆನಿಸಿದರೆ ಮೇಲ್ಮನವಿ ಹಾಕಿ. ಜಿಲ್ಲಾ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90.