ಕರು ಹಾಕಿದ ಹಸು ಏಳದಿದ್ದರೆ

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ತಡವರಿಸಿ ಬೀಳುವುದುಂಟು. ಇದು ಬಹುಮಟ್ಟಿಗೆ ಹಾಲುಜ್ವರ. ರಕ್ತದಲ್ಲಿ ಸುಣ್ಣದಂಶ ಕುಸಿಯುವುದೇ ಇದಕ್ಕೆ ಕಾರಣ. ಪಶುವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಔಷಧಿ ಕೊಟ್ಟರೆ ಬಹಳಷ್ಟು ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಆದರೆ ಕೆಲವು ಹಸುಗಳು ಮೇವು ತಿಂದು, ನೀರು ಕುಡಿದು ಚುರುಕಾಗಿದ್ದರೂ ಏಳುವುದಿಲ್ಲ. ಔಷಧಿ ಫಲಿಸಲಿಲ್ಲವೆಂದು ರೈತರು ಭಾವಿಸುತ್ತಾರೆ. ಅನೇಕ ವೇಳೆ ನಿಜವಾದ ಕಾರಣ ಮೈಯಡಿ ಸಿಕ್ಕಿದ ಹಿಂಗಾಲು.

ಕಾಲಿನಲ್ಲಿ ಆಗುವುದೇನು?

ಸುಮಾರು 400 ಕಿಲೋ ತೂಕದ ಹಸು ಒಂದೇ ಮಗ್ಗುಲಿಗೆ ಮಲಗಿದಾಗ ಅಡಿಯ ತೊಡೆಯ ರಕ್ತಸಂಚಾರಕ್ಕೆ ತಡೆಯಾಗುತ್ತದೆ. ಆಮ್ಲಜನಕ ದೊರೆಯದ ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ಜೀವಕೋಶಗಳು ಹಾಳಾಗಿ ಅವುಗಳೊಳಗಿನ ಪೊಟ್ಯಾಸಿಯಂ, ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಹಾಗೂ ಮಾಂಸದ ಕೆಂಪು ವರ್ಣದ್ರವ್ಯ ರಕ್ತಕ್ಕೆ ಸೋರುತ್ತವೆ. ಈ ವರ್ಣದ್ರವ್ಯ ಹೆಚ್ಚಾದರೆ ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಗಳಿಗೂ ಹಾನಿ. ಮಾಂಸಖಂಡ ಊದಿಕೊಂಡು ನರವನ್ನು ಒತ್ತುವುದರಿಂದ ಕಾಲು ಸ್ವಾಧೀನ ತಪ್ಪುತ್ತದೆ.

ಅಮೆರಿಕದ ಮಿನ್ನೆಸೋಟದಲ್ಲಿ ನಡೆದು 1982ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಹಸುಗಳಿಗೆ ಅರಿವಳಿಕೆ ಕೊಟ್ಟು, ಒಂದು ಹಿಂಗಾಲು ಮೈಯಡಿ ಇರುವಂತೆ 6ರಿಂದ 12 ಗಂಟೆಗಳ ಕಾಲ ಮಲಗಿಸಲಾಯಿತು. ಹಾಲುಜ್ವರವಿಲ್ಲದಿದ್ದರೂ ಅವುಗಳಲ್ಲಿ ಹಲವು ಮತ್ತೆ ಏಳಲಾರದೆ ಹೋದವು. ಒತ್ತಡವೊಂದೇ ಹಸುವನ್ನು ನೆಲಕ್ಕೆ ಕೆಡವಬಲ್ಲದೆಂದು ಇದರಿಂದ ಸ್ಪಷ್ಟವಾಯಿತು.

ರೈತರು ಅನುಸರಿಸಬೇಕಾದ ಕ್ರಮಗಳು

1. ಹಸು ಬಿದ್ದೊಡನೆ ಪಶುವೈದ್ಯರನ್ನು ಕರೆಸಬೇಕು, ಬೆಳಗಾಗಲೆಂದು ಕಾಯಬಾರದು.

2. ಕಲ್ಲುಹಾಸು ಅಥವಾ ಸಿಮೆಂಟು ನೆಲದಿಂದ ಮಣ್ಣಿನ ನೆಲಕ್ಕೆ ಸಾಗಿಸಿ, ಹುಲ್ಲನ್ನು ದಪ್ಪವಾಗಿ ಹರಡಬೇಕು. ಕಾಲಿಗೆ ಹಗ್ಗ ಕಟ್ಟಿ ಎಳೆಯಬಾರದು.

3. ಎದೆಯ ಮೇಲೆ ಕೂಡುವಂತೆ ಮಾಡಿ, ಪಕ್ಕೆಗೆ ಹುಲ್ಲು ತುಂಬಿದ ಚೀಲಗಳ ಆಸರೆ ಕೊಡಬೇಕು. ಅಡ್ಡ ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ.

4. ಹಗಲು ರಾತ್ರಿ 2–3 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಅಡಿಯಲ್ಲಿದ್ದ ಕಾಲನ್ನು ಹೊರತೆಗೆದು ತಿಕ್ಕಬೇಕು.

5. ನುಂಗಲಾರದ ಹಸುವಿನ ಬಾಯಿಗೆ ಗೊಟ್ಟದಲ್ಲಿ ಔಷಧಿ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

6. ಕ್ಯಾಲ್ಸಿಯಂ ಔಷಧಿಯನ್ನು ವೈದ್ಯರೇ ಕೊಡಬೇಕು. ರಕ್ತನಾಳಕ್ಕೆ ಅವಸರದಿಂದ ಹರಿಸಿದರೆ ಹೃದಯ ನಿಲ್ಲಬಹುದು.

ಹಾಲುಜ್ವರಕ್ಕೆ ಔಷಧಿಯುಂಟು. ಆದರೆ ಸತ್ತ ಮಾಂಸಖಂಡವನ್ನು ಬದುಕಿಸುವ ಔಷಧಿಯಿಲ್ಲ. ಆದಕಾರಣ ವೈದ್ಯರು ಬರುವವರೆಗೂ, ಬಂದುಹೋದ ಮೇಲೂ ಮಗ್ಗುಲು ಬದಲಾಯಿಸುವ ಕೆಲಸ ನಿಲ್ಲಬಾರದು.