ಡಾಕ್ಟರ್ ಆಗಬೇಕೆನ್ನುವ ಮಗು ಹೋಂವರ್ಕ್ ಯಾಕೆ ಮಾಡುವುದಿಲ್ಲ?

ಬಹಳ ವರ್ಷ ಪಾಠ ಹೇಳಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ನಮ್ಮ ಮಕ್ಕಳಿಗೆ ಗುರಿಗಳ ಬರ ಇಲ್ಲ. ಎಂಟನೇ ತರಗತಿಯಲ್ಲಿ ಯಾರನ್ನೇ ಕೇಳಿ, ಡಾಕ್ಟರ್, ಇಂಜಿನಿಯರ್, ಪೊಲೀಸ್ ಎಂದು ಥಟ್ಟನೆ ಹೇಳುತ್ತಾರೆ. ಕನಸು ದೊಡ್ಡದಾದಷ್ಟೂ ಓದು ಚುರುಕಾಗುತ್ತದೆಂದು ನಂಬಿ ನಾವು ಶಾಲೆಯ ಗೇಟಿಗೆ ಟಾಪರ್‌ಗಳ ಫ್ಲೆಕ್ಸ್ ಕಟ್ಟುತ್ತೇವೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಸ್ಫೂರ್ತಿಯ ಭಾಷಣ ಮಾಡಿಸುತ್ತೇವೆ. ಚಪ್ಪಾಳೆಯೇನೋ ಜೋರಾಗಿಯೇ ಬೀಳುತ್ತದೆ. ಮರುದಿನದ ಹೋಂವರ್ಕ್ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ಇದಕ್ಕೆ ಮಕ್ಕಳ ಸೋಮಾರಿತನ ಕಾರಣ ಎಂದುಬಿಡುವುದು ಸುಲಭ. ಆದರೆ ತಾನು ಮುಂದೇನಾಗುತ್ತೇನೆ ಎಂಬ ಚಿತ್ರಕ್ಕೂ ಇವತ್ತಿನ ಗಣಿತದ ಲೆಕ್ಕಕ್ಕೂ ಮಗುವಿನ ಮನಸ್ಸಿನಲ್ಲಿ ನಂಟೇ ಬೆಳೆದಿಲ್ಲ, ತೊಡಕಿರುವುದು ಅಲ್ಲಿ ಎಂಬುದು ನನ್ನ ವಾದ.

1986ರಲ್ಲಿ ಹೇಜಲ್ ಮಾರ್ಕಸ್ ಮತ್ತು ಪೌಲಾ ನೂರಿಯಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ಶಾಸ್ತ್ರೀಯವಾಗಿ ಮುಂದಿಟ್ಟರು. ಪ್ರತಿಯೊಬ್ಬರೊಳಗೂ ತಾನು ಆಗಬಹುದಾದ, ಆಗಬಯಸುವ ಹಾಗೂ ಆಗಿಬಿಟ್ಟೇನೆಂದು ಹೆದರುವ ರೂಪಗಳಿರುತ್ತವೆ, ನಮ್ಮ ನಡವಳಿಕೆಗೆ ಅವು ದಿಕ್ಕು ತೋರುತ್ತವೆ ಎಂದರು. ಇದನ್ನು ತರಗತಿಗೆ ತಂದವರಲ್ಲಿ ಮುಖ್ಯರು ಡ್ಯಾಫ್ನಾ ಓಯ್ಸರ್‌ಮನ್. ಡೆಟ್ರಾಯಿಟ್ ನಗರದ ಬಡ ಬಡಾವಣೆಗಳ ಎಂಟನೇ ತರಗತಿಯ ಮಕ್ಕಳಿಗೆ ಅವರ ತಂಡ ಏಳು ವಾರಗಳಲ್ಲಿ ಹನ್ನೊಂದು ಕೂಟಗಳನ್ನು ನಡೆಸಿತು. ಅಲ್ಲಿ ಉಪದೇಶವಿರಲಿಲ್ಲ. ದೊಡ್ಡವರಾದಾಗ ತಮ್ಮ ಬದುಕು ಹೇಗಿರಬೇಕೆಂದು ಮಕ್ಕಳು ಚಿತ್ರಗಳನ್ನು ಆರಿಸಿಕೊಂಡರು. ಆಮೇಲೆ ಇವತ್ತಿನಿಂದ ಆ ದಿನದವರೆಗೆ ಕಾಲರೇಖೆ ಎಳೆದು ದಾರಿ ಕವಲೊಡೆಯುವ ಜಾಗ, ಅಡ್ಡಬರುವ ತೊಡಕು, ಅದನ್ನು ದಾಟುವ ಉಪಾಯ ಎಲ್ಲವನ್ನೂ ಗುರುತಿಸಿದರು. 2006ರಲ್ಲಿ ಪ್ರಕಟವಾದ ವರದಿಯಂತೆ, ಈ ಮಕ್ಕಳ ಹಾಜರಿ, ಹೋಂವರ್ಕಿಗೆ ಕೊಡುವ ಸಮಯ, ಅಂಕ ಮೂರೂ ಸುಧಾರಿಸಿದ್ದವು. ಎರಡು ವರ್ಷ ಬೆನ್ನುಹತ್ತಿ ನೋಡಿದಾಗಲೂ ಆ ಪರಿಣಾಮ ಉಳಿದಿತ್ತು. ನನಗೆ ಮುಖ್ಯವೆನಿಸುವುದು ಆ ತೊಡಕಿನ ಭಾಗವೇ. ಓದು ಕಷ್ಟವಾದಾಗ ‘ಇದು ನಮ್ಮಂಥವರಿಗಲ್ಲ’ ಎಂದು ಕೈಚೆಲ್ಲುವುದೂ ‘ಕಷ್ಟವಾಗುತ್ತಿದೆ ಎಂದರೆ ಇದಕ್ಕೆ ಬೆಲೆಯಿದೆ’ ಎಂದು ಅಂಟಿಕೊಳ್ಳುವುದೂ ಅದೇ ಕಷ್ಟದ ಎರಡು ಓದುಗಳು. ನಮ್ಮ ಭಾಷಣಕಾರರು ಸೋಲಿನ ಮಾತೆತ್ತುವುದು ಗೆದ್ದವರ ಕಥೆಯ ಒಗ್ಗರಣೆಗಷ್ಟೇ.

ಅಂಕ ಬಂದರೆ ಆತ್ಮವಿಶ್ವಾಸ ತಾನೇ ಬರುತ್ತದೆ, ನೀವು ಬಂಡಿಯನ್ನು ಎತ್ತಿನ ಮುಂದೆ ಕಟ್ಟುತ್ತಿದ್ದೀರಿ ಎನ್ನುವವರಿದ್ದಾರೆ. ಅರ್ಧ ಸತ್ಯ. ಬರೀ ಸ್ವಾಭಿಮಾನ ಹೆಚ್ಚಿಸಿದರೆ ಅಂಕ ಹೆಚ್ಚುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದು ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದರು; ಬೆನ್ನು ತಟ್ಟಿ ‘ನೀನು ಜಾಣ’ ಎನ್ನುವುದರಲ್ಲಿ ನನಗೂ ನಂಬಿಕೆಯಿಲ್ಲ. ಆದರೆ ಸಾಮರ್ಥ್ಯ ಅಷ್ಟೇ ಇದ್ದು ಗುರುತು ಮಾತ್ರ ಬದಲಾದರೆ ಏನಾಗುತ್ತದೆಂದು ನೋಡಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಯಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಹಾದಿ ಹುಡುಕುವ ಚಿತ್ರ ಒಗಟುಗಳನ್ನು ಕೊಟ್ಟರು. ಬಿಡಿಸಿದ ಒಗಟಿಗಿಷ್ಟು ಎಂದು ಹಣ. ಜಾತಿಯ ಸುದ್ದಿಯೇ ಇಲ್ಲದಾಗ ಮೇಲುಜಾತಿ, ಕೆಳಜಾತಿ ಎನಿಸಿಕೊಂಡ ಮಕ್ಕಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದ ಕೂಡಲೇ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ‘ಲಾಸ್ಟ್ ಬೆಂಚ್’, ‘ದಡ್ಡರ ಸೆಕ್ಷನ್’, ‘ಆರ್ಟ್ಸ್‌ಗೆ ಸೇರಿಸಿ’ ಎಂದು ನಾವು ದಿನವೂ ಮಾಡುವ ಘೋಷಣೆಗಳ ಕಡೆಗೂ ಕಿವಿಗೊಡಬೇಕಲ್ಲವೇ?

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಫೀಸು ಕಟ್ಟಲಾಗದ ಮನೆಯ ಹುಡುಗಿಗೆ ಕಾಲರೇಖೆ ಎಳೆಸಿ ಏನು ಪ್ರಯೋಜನ? ಅದು ಮೋಸವೇ ಆದೀತು. ದಾರಿ ನಿಜಕ್ಕೂ ಮುಚ್ಚಿದ್ದರೆ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಸ್ಕಾಲರ್‌ಶಿಪ್, ಹಾಸ್ಟೆಲ್, ಬಸ್ಸು ಇವು ಮೊದಲು. ಆದರೂ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಅಧ್ಯಯನ ಯೋಚನೆಗೆ ಹಚ್ಚುತ್ತದೆ. ಅಲ್ಲಿ ಯಾವ ಪಂಚಾಯಿತಿಗೆ ಮಹಿಳಾ ಪ್ರಧಾನರು ಎಂಬುದು ಮೀಸಲಾತಿಯ ಸರದಿಯಿಂದ ನಿರ್ಧಾರವಾಗುತ್ತಿತ್ತು. ಲೋರಿ ಬೀಮನ್, ಎಸ್ತರ್ ಡುಫ್ಲೊ ಮತ್ತಿತರರು 2012ರಲ್ಲಿ ಬರೆದಂತೆ, ಎರಡು ಅವಧಿ ಮಹಿಳೆಗೆ ಮೀಸಲಾದ ಊರುಗಳಲ್ಲಿ ಹುಡುಗ ಹುಡುಗಿಯರ ಮಹತ್ವಾಕಾಂಕ್ಷೆಯ ಅಂತರ ಕಡಿಮೆಯಾಗಿತ್ತು, ಓದಿನ ಅಂತರ ಅಳಿಸಿಯೇ ಹೋಗಿತ್ತು. ಹುಡುಗಿಯರಿಗೆ ದುಡಿಮೆಯ ಅವಕಾಶಗಳು ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ, ಹಾಗಾಗಿ ಕಣ್ಣೆದುರಿನ ಮಾದರಿಯೇ ಮುಖ್ಯ ಕಾರಣ ಎಂಬುದು ಅವರ ತೀರ್ಮಾನ. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ದೇಶಕ್ಕೆಲ್ಲ ತಂದ ಸಂವಿಧಾನದ ತಿದ್ದುಪಡಿಗೆ ಮುಂಚೆಯೇ, 1987ರಲ್ಲಿ, ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟು ಚುನಾವಣೆ ನಡೆಸಿದ ಕರ್ನಾಟಕದಲ್ಲಿ ಮಾದರಿಗಳಿಗೇನು ಕೊರತೆ? ನಮ್ಮ ಶಾಲೆಯ ಫ್ಲೆಕ್ಸಿನಲ್ಲಿರುವುದು ಮಾತ್ರ 625ಕ್ಕೆ 620 ಪಡೆದ ಮುಖ. 320 ಪಡೆದು ಡಿಪ್ಲೊಮಾ ಮುಗಿಸಿದ, ನರ್ಸಿಂಗ್ ಸೇರಿದ ಹಳೆಯ ವಿದ್ಯಾರ್ಥಿ ಒಂದು ಮಧ್ಯಾಹ್ನ ಬಂದು, ಎಲ್ಲಿ ಫೇಲಾದೆ, ಅರ್ಜಿ ಎಲ್ಲಿ ತುಂಬಿದೆ, ಫೀಸು ಹೇಗೆ ಹೊಂದಿಸಿದೆ ಎಂದು ಹೇಳಿದರೆ, ನಡುಬೆಂಚಿನ ಮಕ್ಕಳು ನೋಟ್‌ಬುಕ್ ತೆರೆದು ಬರೆದುಕೊಳ್ಳುವುದು ಅಂಥ ಮಾತನ್ನೇ.