ಪ್ಯಾಲೆಟ್‌ನಲ್ಲಿ ದೊರೆತ ಮುರುಕು ದುಂಬಿಯನ್ನು ಗುರುತಿಸುವ ಬಗೆ

ಮರದ ಪ್ಯಾಲೆಟ್ ಹಾಗೂ ಪೆಟ್ಟಿಗೆಗಳಲ್ಲಿ ಸರಕು ತರಿಸುವ ಮತ್ತು ಕಳುಹಿಸುವ ಉದ್ಯಮಿಗಳಿಗೆ ಉದ್ದಮೀಸೆಯ ದುಂಬಿಯ ಪರಿಚಯ ಅವಶ್ಯ. ಏಷ್ಯಾ ಮೂಲದ ಇಂಥದೊಂದು ದುಂಬಿಯು 1996ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಪತ್ತೆಯಾಗಿ, ಅದರ ನಿರ್ಮೂಲನೆಗಾಗಿ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಅದು ಪ್ಯಾಕಿಂಗ್ ಮರದೊಡನೆ ಬಂದಿತೆಂದು ತಜ್ಞರ ಅಭಿಪ್ರಾಯ. ಇಂತಹ ಅಪಾಯವನ್ನು ತಡೆಯಲು 2002ರಲ್ಲಿ ಅಂಗೀಕೃತವಾದ ಐಎಸ್‌ಪಿಎಂ-15 ಮಾನದಂಡವು ಪ್ಯಾಕಿಂಗ್ ಮರದ ಉಪಚಾರವನ್ನು ವಿಧಿಸುತ್ತದೆ. ಸಾಮಾನ್ಯ ಶಾಖೋಪಚಾರದಲ್ಲಿ ಮರದ ತಿರುಳೂ ಸೇರಿದಂತೆ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಸತತ 30 ನಿಮಿಷ ಇರಬೇಕು.

ಸರಕು ಬಿಚ್ಚುವಾಗ ಮೀಸೆ ಮುರಿದ, ಬಣ್ಣ ಮಾಸಿದ ದುಂಬಿ ದೊರೆತರೆ ಭೂತಗನ್ನಡಿಯಿಂದ ಈ ಅಂಶಗಳನ್ನು ಪರಿಶೀಲಿಸಬೇಕು.

1. ಕಣ್ಣು: ಈ ವರ್ಗದ ಬಹುತೇಕ ದುಂಬಿಗಳ ಕಣ್ಣು ಮೂತ್ರಪಿಂಡದ ಆಕಾರದಲ್ಲಿದ್ದು, ಮೀಸೆಯ ಬುಡವನ್ನು ಬಳಸಿರುತ್ತದೆ. ಮೀಸೆ ಉದುರಿದರೂ ಈ ಗುರುತು ಉಳಿಯುತ್ತದೆ.

2. ಪಾದ: ಐದು ಗೆಣ್ಣುಗಳಿದ್ದರೂ ನಾಲ್ಕೇ ಇರುವಂತೆ ತೋರುತ್ತವೆ. ಎಲೆ ತಿನ್ನುವ ದುಂಬಿಗಳಲ್ಲಿಯೂ ಹೀಗೆಯೇ ಇರುವುದರಿಂದ ಇದೊಂದೇ ಆಧಾರ ಸಾಲದು.

3. ಮುಂರೆಕ್ಕೆ: ಏಷ್ಯನ್ ದುಂಬಿಯ ಕಪ್ಪು ರೆಕ್ಕೆಯ ಮೇಲಿನ ಬಿಳಿ ಚುಕ್ಕೆಗಳು ಸೂಕ್ಷ್ಮ ರೋಮಗಳಿಂದಾದವು, ಉಜ್ಜಿದರೆ ಅಳಿಯುತ್ತವೆ. ಆದುದರಿಂದ ರೆಕ್ಕೆಯ ಬುಡವನ್ನು ನೋಡಬೇಕು. ಏಷ್ಯನ್ ದುಂಬಿಯಲ್ಲಿ ಅದು ನುಣುಪು. ಅದರ ಸಮೀಪ ಬಂಧುವಾದ ಸಿಟ್ರಸ್ ದುಂಬಿಯಲ್ಲಿ ಸಣ್ಣ ಗುಬುಟುಗಳಿರುತ್ತವೆ. ಹೀಗೆ ಒಂದು ರೆಕ್ಕೆಯ ತುಂಡೂ ಉಪಯುಕ್ತವೇ.

ಮೀಸೆ ಗಿಡ್ಡವೆಂಬ ಒಂದೇ ಕಾರಣದಿಂದ ಉದ್ದಮೀಸೆಯ ದುಂಬಿಯಲ್ಲವೆಂದು ನಿರ್ಧರಿಸಲಾಗದು. ನಮ್ಮ ಕಾಫಿ ತೋಟಗಳ ಬಿಳಿ ಕಾಂಡಕೊರಕವು ಇದೇ ವರ್ಗಕ್ಕೆ ಸೇರಿದ್ದರೂ ಅದರ ಮೀಸೆ ದೇಹಕ್ಕಿಂತ ಚಿಕ್ಕದು.

ಮಾದರಿಯನ್ನು ಅಂಟುಪಟ್ಟಿಯಿಂದ ಅಂಟಿಸಬಾರದು. ಒಣಗಿದ ದುಂಬಿಯನ್ನೂ ಮುರಿದ ಭಾಗಗಳನ್ನೂ ಮೃದು ಕಾಗದದಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಬೇಕು. ದೊರೆತ ದಿನಾಂಕ, ಸರಕು ಬಂದ ದೇಶ ಹಾಗೂ ಮರದ ಮೇಲಿನ ಮುದ್ರೆಯ ವಿವರಗಳನ್ನು ಬರೆದಿಡಬೇಕು. ಖಚಿತ ಗುರುತಿಗಾಗಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋವನ್ನು ಸಂಪರ್ಕಿಸಬಹುದು.

ಜೀವಂತ ಕೀಟ ಕಂಡರೆ ಆ ಮರವನ್ನು ಹೊರಗೆ ಸಾಗಿಸದೆ ಮುಚ್ಚಿಟ್ಟು, ಸಸ್ಯ ಸಂಪರ್ಕನಿಷೇಧ ಕೇಂದ್ರಕ್ಕೆ ತಿಳಿಸುವುದು ಅಗತ್ಯ. ದುಂಬಿಯು ಗೋದಾಮಿನಲ್ಲಿರುವ ಸ್ಥಳೀಯ ಮರದಿಂದಲೂ ಬಂದಿರಬಹುದು. ಗುರುತು ಖಚಿತವಾಗುವ ಮೊದಲೇ ಸರಬರಾಜುದಾರರ ಮೇಲೆ ಹೊಣೆ ಹೊರಿಸುವುದು ವ್ಯಾಪಾರಕ್ಕೆ ಹಿತವಲ್ಲ.